ನೆಲಕ್ಕೆ ಕಿವಿಯಿಟ್ಟ ಉಮಾಕಾಂತ

ಉಮರ್ಗಾದ ಹನುಮಾನ ಗುಡಿಯ ಹಿಂದಿನ ಗಲ್ಲಿಯಲ್ಲಿ ಯಾರು ಏನು ಮಾಡಿದರೂ ನಡೆಯುತ್ತದೆ. ನಡುಹಾದಿಯಲ್ಲಿ ಎಮ್ಮೆ ಕಟ್ಟಬಹುದು. ಮಾಳಿಗೆಯ ಮೇಲೆ ನಿಂತು ಆಚೆ ಮನೆಯ ಗಂಡ-ಹೆಂಡಿರ ಜಗಳಕ್ಕೆ ತೀರ್ಪು ಕೊಡಬಹುದು. ಆದರೆ ಹಾಡಹಗಲು ನೆಲಕ್ಕೆ ಕಿವಿಯಿಟ್ಟು ಮಲಗುವುದು ಮಾತ್ರ ನಡೆಯುವುದಿಲ್ಲ.

ಅದಕ್ಕೆ ಕಾರಣವಿದೆ. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಮಲಗಿದ ಜನರನ್ನು ಆ ನಸುಕಿನಲ್ಲಿ ಭೂಮಿಯೇ ಅಲುಗಿಸಿ ಎಬ್ಬಿಸಿದ ಮೇಲೆ, ಈ ಸೀಮೆಯವರು ನೆಲದೊಂದಿಗೆ ಮಾತು ಬಿಟ್ಟ ನೆಂಟರಂತೆ ಬದುಕುತ್ತಾರೆ. ಅದರ ಮೇಲೆಯೇ ಓಡಾಡುತ್ತಾರೆ, ಆದರೆ ನಂಬುವುದಿಲ್ಲ. ಇಪ್ಪತ್ತು ವರ್ಷವಾದರೂ ಆ ಗಲ್ಲಿಯ ಪ್ರತಿ ಮನೆಯ ಗೋಡೆಯ ಮಾಡದಲ್ಲಿ ಸ್ಟೀಲಿನ ತಂಬಿಗೆಗಳು ಒಂದರ ಮೇಲೊಂದು ಬೋರಲಾಗಿ ನಿಂತಿರುತ್ತವೆ. ನೀರು ಕುಡಿಯಲಿಕ್ಕಲ್ಲ. ನೆಲ ಮಿಸುಕಿದರೆ ಮೊದಲು ಅವು ಬೀಳಲಿ, ಬಿದ್ದ ಸಪ್ಪಳಕ್ಕೆ ಮನೆಯವರು ಏಳಲಿ ಎಂದು. ಇದುವರೆಗೆ ಅವನ್ನು ಬೀಳಿಸಿದ್ದು ಬೆಕ್ಕು ಮಾತ್ರ. ಆದರೂ ಪ್ರತಿ ಸಲ ಇಡೀ ಗಲ್ಲಿ ಹೊರಗೆ ಓಡಿ ಬಂದಿದೆ.

ಇಂಥ ಗಲ್ಲಿಯಲ್ಲಿ ಉಮಾಕಾಂತ ವಾಸಿಸುತ್ತಿದ್ದ. ಬೀಜ-ಗೊಬ್ಬರದ ಅಂಗಡಿಯಲ್ಲಿ ಕೆಲಸ. ಅವನ ಮನೆಯಲ್ಲೊಂದು ಕಂಪ್ಯೂಟರ್ ಇತ್ತು. ನಿಲಂಗಾದ ಯಾವುದೋ ಕಾಲೇಜಿನವರು ಹಳೆಯದೆಂದು ಹರಾಜಿಗೆ ಹಾಕಿದ್ದನ್ನು ಇವನು ಜೀಪಿನಲ್ಲಿ ತೊಡೆಯ ಮೇಲೆ ಕೂಡಿಸಿಕೊಂಡು ತಂದಿದ್ದ. ಉದಗೀರದಲ್ಲಿ ರಿಪೇರಿ ಅಂಗಡಿ ಇಟ್ಟಿದ್ದ ಗೆಳೆಯ ಸಂಜುಕುಮಾರ ಅದಕ್ಕೆ ಲಿನಕ್ಸ್ ಎಂಬ, ಯಾರು ಬೇಕಾದರೂ ಬಿಟ್ಟಿಯಾಗಿ ಬಳಸಬಹುದಾದ ತಂತ್ರಾಂಶ ಹಾಕಿಕೊಟ್ಟ. ಅಂದಿನಿಂದ ಉಮಾಕಾಂತ ನಡೆಯುವ ರೀತಿಯೇ ಬದಲಾಯಿತು.

"ಇದು ವಿಂಡೋಸ್ ಅಲ್ಲ, ಲಿನಕ್ಸ್ ಅದ," ಎಂದು ಹಾಲಿನವನಿಗೂ ಹೇಳುತ್ತಿದ್ದ. "ಇದಕ್ಕ ವೈರಸ್ ಬರೂದಿಲ್ಲ, ರೋಗ ಬರೂದಿಲ್ಲ, ಮುಪ್ಪು ಬರೂದಿಲ್ಲ."

ಹಾಲಿನವನು, ಹಾಗಾದರೆ ಅದನ್ನು ಮದುವೆ ಮಾಡಿಕೊಡಬಹುದಲ್ಲ ಎಂದಿದ್ದ. ಉಮಾಕಾಂತ ಅಂಥವರ ಮಾತಿಗೆ ಬೆಲೆ ಕೊಡುವವನಲ್ಲ.

ಅವನು ಇನ್ನೊಂದು ಮಾತನ್ನೂ ಆಡಿದ್ದ. ಒಮ್ಮೆ ಊರಲ್ಲಿ ತಂಬಿಗೆ ಬೀಳದಿದ್ದರೂ ಕಿಟಕಿ ಗಡಗಡ ಎನ್ನುವಷ್ಟು ನೆಲ ನಡುಗಿದಾಗ ಅವನ ಪರದೆಯೂ ಒಂದು ಕ್ಷಣ ಮಿಣುಕಿತ್ತು. ಮರುದಿನ ಕಟ್ಟೆಯ ಮೇಲೆ ಕುಳಿತು, "ನಿಮ್ಮ ತಂಬಿಗಿಕಿಂತ ಮದಲ ನಮ್ಮ ಮಶಿನಿಗೆ ಗೊತ್ತಾಗಿತ್ತು" ಎಂದುಬಿಟ್ಟ. ಅದೇ ಬಿಸಿಯಲ್ಲಿ, "ನಿಮ್ಮ ನಿಮ್ಮ ಮನಿ ಫೋಟೋ ತಂದು ಕೊಡ್ರಿ, ಮಶಿನಿನ್ಯಾಗ ಇಡ್ತೀನಿ. ನಾಳಿಗಿ ಭೂಕಂಪ ಆಗಿ ಗೋಡಿ ಬಿದ್ರೂ ಇದರಾಗಿನ ಒಂದು ಫೋಟೋ ಅಲುಗಾಡೂದಿಲ್ಲ" ಎಂದೂ ಹೇಳಿದ.

ಜನ ತಂದು ಕೊಟ್ಟರು, ಅವನು ಸ್ಕ್ಯಾನ್ ಮಾಡಿ ಒಳಗೆ ಹಾಕಿಕೊಂಡ. ಪಕ್ಕದ ಮನೆಯ ಚಂದ್ರಭಾಗಾ ಕಾಕು ತನ್ನ ಗಂಡನೊಂದಿಗಿದ್ದ ಏಕೈಕ ಫೋಟೋ ತಂದಳು. ಅವಳ ಹಳ್ಳಿಯ ಮನೆ ಬಿದ್ದಾಗ ಮಣ್ಣಿನೊಳಗಿಂದ ಹೆಕ್ಕಿದ್ದು ಅದೊಂದೇ. ಆ ಫೋಟೋ ಮಶಿನಿನಲ್ಲಿ ಕುಳಿತ ವರ್ಷವೇ, ಮೂಲ ಪ್ರತಿಯನ್ನು ಗೆದ್ದಲು ತಿಂದಿತು. ಉಮಾಕಾಂತ ತನ್ನ ಮದುವೆಯ ಫೋಟೋಗಳನ್ನೂ ಅದರಲ್ಲೇ ಹಾಕಿಟ್ಟ. ಅವು ಇದ್ದ ಸಿ.ಡಿ.ಯನ್ನು, ಇನ್ನು ಇದರ ಅಗತ್ಯವೇನು ಎಂದು, ಸೋದರಮಾವನ ಜೋಳದ ಹೊಲದಲ್ಲಿ ಗಿಳಿ ಬೆದರಿಸಲು ಕಟ್ಟಿಬಂದ. ಅಷ್ಟು ವಿಶ್ವಾಸ.

ಒಂದು ರವಿವಾರ ಮುಂಜಾನೆ ಆ ಮಶಿನು ಟಕ್ ಎಂದಿತು.

ಸ್ವಲ್ಪ ಹೊತ್ತಿಗೆ ಟಕ್ ಟಕ್ ಎಂದಿತು. ಆಮೇಲೆ ಕರ್ರ್ ಎಂದಿತು. ಉಮಾಕಾಂತ ಚಂದ್ರಭಾಗಾ ಕಾಕುವಿನ ಫೋಟೋ ತೆರೆದು ನೋಡಿದ. ಗಂಡನ ತಲೆಯ ಪಟಕಾ ಬಂತು, ಹಣೆ ಬಂತು, ಮೂಗಿನವರೆಗೆ ಬಂದು ನಿಂತಿತು. ಪರದೆಯ ಮೇಲೊಂದು ಚೌಕ ಮೂಡಿ, ಡಿಸ್ಕ್ ಕೆಡುವ ಹಂತದಲ್ಲಿದೆ ಎಂದು ಇಂಗ್ಲಿಷಿನಲ್ಲಿ ವಿನಯದಿಂದ ತಿಳಿಸಿತು.

ಉಮಾಕಾಂತ ಉದಗೀರಕ್ಕೆ ಫೋನು ಹಚ್ಚಿದ.

"ಸಂಜೂ, ಮಶಿನ್ ಟಕ್ ಟಕ್ ಅನ್ಲತ್ತದೋ."

"ಫ್ಯಾನ್ ಇರಬೇಕು. ಧೂಳ ಕುಂತಿರ್ತದ."

"ಫೋಟೋ ತೆಗದ್ರ ಅರ್ಧಾ ಮಾರಿ ಬಂದು ನಿಲ್ತದ."

ಆ ಕಡೆ ಸಂಜುಕುಮಾರ ಹಾಡುತ್ತಿದ್ದ ರೇಡಿಯೋ ಬಂದ್ ಮಾಡಿದ. ಡಾಕ್ಟರು ಕನ್ನಡಕ ತೆಗೆದಿಟ್ಟರೆ ರೋಗಿಯ ಮನೆಯವರಿಗೆ ಆಗುವಂತೆ ಉಮಾಕಾಂತನಿಗೆ ಆಯಿತು.

"ಕೇಳಿಲ್ಲಿ. ಕಿವಿ ಹಚ್ಚಿ ಸಪ್ಪಳ ಎಲ್ಲಿಂದ ಬರ್ತದ ನೋಡು. ಡಿಸ್ಕಿನಿಂದ ಬಂದ್ರ, ಮದಲ ಒಳಗ ಇದ್ದದ್ದೆಲ್ಲಾ ಹೊರಗ ತಕ್ಕೋ. ಆಮ್ಯಾಲ ಉದ್ದನ ಟೆಸ್ಟ್ ಹಚ್ಚು, ಎಷ್ಟ್ ಕೆಟ್ಟದ ಅದs ಹೇಳ್ತದ. ಧಕ್ಕಾ ಬೀಳಬಾರದು. ಕರೆಂಟ್ ಹೋಗಬಾರದು. ಜೀವ ಹೋಗ್ಲತ್ತಿದ್ದ ಡಿಸ್ಕ್ ಒಮ್ಮೆ ನಿಂತ್ರ ಮತ್ತ ಏಳೂದಿಲ್ಲ. ತಿಳೀತಾ?"

"ತಿಳೀತು," ಎಂದ ಉಮಾಕಾಂತ. ಎಲ್ಲ ಮಾತೂ ಅವನಿಗೆ ಚೆನ್ನಾಗಿ ನೆನಪಿತ್ತು. ಯಾವುದು ಮೊದಲು, ಯಾವುದು ಆಮೇಲೆ ಎಂಬುದೊಂದು ಬಿಟ್ಟು.

ಮೊದಲು ಟೆಸ್ಟ್ ಹಚ್ಚಿದ. ತೊಂಬತ್ತು ಪರ್ಸೆಂಟ್ ಬಾಕಿ ಎಂದು ಪರದೆ ತೋರಿಸಿತು. ಅದಾದ ಮೇಲೆ ಫೋಟೋಗಳನ್ನು ಹೊರಗೆ ತೆಗೆಯಲು ಪೆನ್ ಡ್ರೈವ್ ಹುಡುಕಿದ. ಅವನ ಪೆನ್ ಡ್ರೈವು ಸೋದರಮಾವ ಅಮೋಘಸಿದ್ಧನ ಟ್ರ್ಯಾಕ್ಟರಿನ ಟೇಪಿನಲ್ಲಿ ಚುಚ್ಚಿಕೊಂಡು ಬೀರಪ್ಪನ ಡೊಳ್ಳಿನ ಪದ ಹಾಡುತ್ತ ಮುರುಮ ಊರಿಗೆ ಹೋಗುವ ರಸ್ತೆಯ ಹೊಲದಲ್ಲಿತ್ತು.

"ಮಾಮಾ, ಎಲ್ಲಾ ಹೊರಗ ತೆಗೀಬೇಕಾಗ್ಯದ!" ಎಂದು ಫೋನಿನಲ್ಲಿ ಕೂಗಿದ. "ಯಾವಾಗ ಹೋಗ್ತದೋ ಭರೋಸಾ ಇಲ್ಲ. ಟ್ರ್ಯಾಕ್ಟರದಾಗ..."

ಅಷ್ಟಕ್ಕೆ ಫೋನು ಕಟ್ಟಾಯಿತು. ಮಾವ ಬುದ್ಧಿವಂತ, ಉಳಿದದ್ದನ್ನು ತಾನೇ ತಿಳಿದುಕೊಳ್ಳುತ್ತಾನೆ ಎಂದು ಉಮಾಕಾಂತ ಸಮಾಧಾನ ಮಾಡಿಕೊಂಡ. ಮಾವ ತಿಳಿದುಕೊಂಡ ಕೂಡ. ಅದು ಮುಂದೆ ಬರುತ್ತದೆ.

ಈಗ ಉಳಿದದ್ದು ಕಿವಿ ಹಚ್ಚುವ ಕೆಲಸ. ಮಶಿನಿನ ಡಬ್ಬಿ ಮೇಜಿನ ಕೆಳಗೆ ನೆಲದ ಮೇಲಿತ್ತು, ಡಿಸ್ಕು ಡಬ್ಬಿಯ ತಳದಲ್ಲಿತ್ತು. ಉಮಾಕಾಂತ ಕಿಟಕಿಯ ಕಡೆ ಕಾಲು ಚಾಚಿ, ಮೇಜಿನ ಕೆಳಗೆ ತಲೆ ತೂರಿಸಿ, ಶಹಾಬಾದ್ ಕಲ್ಲಿನ ನೆಲಕ್ಕೆ ಕಿವಿಯೊತ್ತಿ, ಕಣ್ಣು ಮುಚ್ಚಿ ಕೇಳತೊಡಗಿದ.

ಸರಿಯಾಗಿ ಆಗಲೇ ಚಂದ್ರಭಾಗಾ ಕಾಕು ಮೊಸರಿಗೆ ಹೆಪ್ಪು ಕೇಳಲು ಬಂದು ಕಿಟಕಿಯಲ್ಲಿ ಇಣುಕಿದಳು. ಅವಳ ಕೈಯಲ್ಲಿದ್ದ ಬಟ್ಟಲು ಕೆಳಗೆ ಬಿತ್ತು.

"ಉಮಾಕಾಂತಾ! ಏನ್ ಮಾಡ್ಲತ್ತಿ?"

ಉಮಾಕಾಂತನ ತಲೆ ಮೇಜಿಗೆ ಬಡಿಯಿತು. ಜಗತ್ತಿನಲ್ಲಿ ಆ ಹೊತ್ತಿಗೆ ಅವನು ಯಾರ ಮುಖ ನೋಡಬಾರದೆಂದಿದ್ದನೋ ಆ ಮುಖ ಕಿಟಕಿಯಲ್ಲಿತ್ತು. ಅವಳ ಗಂಡ ಮೂಗಿನವರೆಗೆ ಮಾತ್ರ ಉಳಿದಿದ್ದಾನೆಂದು ಅವಳಿಗೆ ಹೇಗೆ ಹೇಳುವುದು?

"ಏನಿಲ್ಲ ಕಾಕು. ಸುಮ್ಮ ಮಲಗಿದ್ದೆ."

"ಮಾರಿ ಬಿಳೇದಾಗ್ಯದ, ಏನಿಲ್ಲಂತ. ಕೆಳಗ ಸಪ್ಪಳ ಬರ್ಲತ್ತದಲ್ಲಾ?"

ಕಾಕುವಿಗೆ ತಿಳಿದುಹೋಯಿತೆಂದು ಉಮಾಕಾಂತ ಕೈಮುಗಿದ. "ಸಣ್ಣ ಸಪ್ಪಳ ಅದ ಕಾಕು. ಟಕ್ ಟಕ್ ಅಷ್ಟೇ. ನೀವು ಯಾರ ಮುಂದೂ ಹೇಳಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ."

"ಯಾವಾಗಿಂದ?"

"ಮುಂಜಾನಿಂದ."

"ಜೋರ್ ಆಗ್ತದೇನು?"

"ಮಶಿನ್ ಹಚ್ಚೀನಿ. ಪೂರಾ ಆದ ಮ್ಯಾಲ ತಿಳೀತದ. ಇನ್ನಾ ಎಂಬತ್ತು ಪರ್ಸೆಂಟ್ ಬಾಕಿ ಅದ."

ಚಂದ್ರಭಾಗಾ ಕಾಕು ಕಿಟಕಿಯಿಂದ ಹಿಂದೆ ಸರಿದಳು. ಯಾರ ಮುಂದೂ ಹೇಳಬೇಡ ಎಂಬ ಮಾತನ್ನು ಅವಳು ಅಕ್ಷರಶಃ ಪಾಲಿಸಿದಳು. ಯಾರ ಮುಂದೆಯೂ ನಿಲ್ಲದೆ ಗಲ್ಲಿಯ ನಟ್ಟನಡುವೆ ನಿಂತು ಕೂಗಿದಳು.

"ಹೊರಗ ಬರ್ರೆಪ್ಪೋ! ಭೂಮ್ಯಾಗ ಸಪ್ಪಳ ಸುರು ಆಗ್ಯದ! ಉಮಾಕಾಂತನ ಮಶಿನ್ ಹಿಡದದ! ಎಂಬತ್ತು ಪರ್ಸೆಂಟ್ ಉಳದದ!"

ಉಮಾಕಾಂತನಿಗೆ ಅದು ಕೇಳಿಸಲಿಲ್ಲ. ಅವನು ಮತ್ತೆ ಮೇಜಿನ ಕೆಳಗಿದ್ದ.

ಗಲ್ಲಿ ಖಾಲಿಯಾದ ರೀತಿ ನೋಡುವಂತಿತ್ತು. ಮಾಣಿಕಮ್ಮ ಒಲೆಯ ಮೇಲಿನ ರೊಟ್ಟಿಯನ್ನು ಹೆಂಚಿನ ಸಮೇತ ತಂದಳು. ಮೂಲೆ ಮನೆಯವರು ಟಿ.ವಿ. ತಂದರು, ಮಿಕ್ಸರ್ ತಂದರು, ಆಮೇಲೆ ನೆನಪಾಗಿ ಮುದುಕನನ್ನು ಮಂಚದ ಸಮೇತ ತಂದರು. ಎಲ್ಲರೂ ಗುಡಿಯ ಮುಂದಿನ ಬಯಲಿನಲ್ಲಿ ಚಾಪೆ ಹಾಸಿ, ಉಮಾಕಾಂತನ ಬಾಗಿಲಿನ ಕಡೆ ಮುಖ ಮಾಡಿ ಕುಳಿತರು.

ಹಿತ್ತಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಡತಿ ವಿಜಯಶ್ರೀ ಒಳಗೆ ಬಂದಳು.

"ರೀ, ಮಂದಿ ಎಲ್ಲಾ ಹೊರಗ ಕುಂತು ನಮ್ಮನಿ ಕಡಿ ಯಾಕ ನೋಡ್ಲತ್ತಾರ? ನೀವೇನರ ಮಾಡೀರೇನು?"

ಉಮಾಕಾಂತ ಬಾಗಿಲ ಸಂದಿನಿಂದ ನೋಡಿದ. ಹೆಂಗಸರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗಂಡಸರು ಬೀಡಿ ಹಚ್ಚಿರಲಿಲ್ಲ. ಒಂದು ಡಿಸ್ಕಿನ ಸಲುವಾಗಿ ಇಷ್ಟು ಜನ! ಉದಗೀರದಂಥ ದೊಡ್ಡ ಊರಲ್ಲಿ ಡಿಸ್ಕ್ ಸತ್ತರೆ ಮಣ್ಣಿಗೂ ಯಾರೂ ಬರುವುದಿಲ್ಲ ಎಂದು ಸಂಜುಕುಮಾರನೇ ಹೇಳಿದ್ದ.

ಅವನು ಪರದೆಯನ್ನೊಮ್ಮೆ ನೋಡಿ ಹೊರಗೆ ಬಂದು ಕಟ್ಟೆಯ ಮೇಲೆ ನಿಂತ.

"ನಿಮಗ ಗೊತ್ತಾಗಬಾರದು ಅಂತಿದ್ದೆ," ಎಂದ. "ಗೊತ್ತಾಗಿಬಿಟ್ಟದ. ತಪ್ಪು ನಂದಲ್ಲ, ವಯಸ್ಸಾಗಿತ್ತು. ನೀವೆಲ್ಲಾ ಬಂದು ಕುಂತದ್ದು ನೋಡಿ ನಂಗ ಭಾಳ ಧೈರ್ಯ ಬಂತು."

"ನಮ್ಮ ಧೈರ್ಯ ಹೋಗ್ಯದ, ಇವಗ ಬಂದದ," ಎಂದಳು ಮಾಣಿಕಮ್ಮ. "ಎಷ್ಟದ ಅದರ ಹೇಳು!"

"ಅರವತ್ತು ಬಾಕಿ ಅದ."

ಬಯಲಿನಲ್ಲಿ ಒಂದು ನಿಟ್ಟುಸಿರು ಎದ್ದಿತು.

"ಮತ್ತ ಒಂದು ಮಾತು. ಯಾರೂ ಧಡಧಡ ಓಡಾಡಬ್ಯಾಡ್ರಿ. ಸಣ್ಣ ಧಕ್ಕಾ ಆದ್ರೂ ಖೇಲ್ ಖತಂ."

ಅಂದಿನಿಂದ ಇಂದಿನವರೆಗೆ ಆ ಗಲ್ಲಿ ಅಷ್ಟು ಮೆಲ್ಲಗೆ ನಡೆದಿಲ್ಲ. ಜನ ತುದಿಗಾಲಿನಲ್ಲಿ ಹೆಜ್ಜೆಯಿಟ್ಟರು. ಮಂಚದ ಮೇಲಿನ ಮುದುಕ ಬಂದ ಕೆಮ್ಮನ್ನು ಅರ್ಧಕ್ಕೆ ನುಂಗಿಕೊಂಡು ಕೆಂಪಗಾದ. ಎಮ್ಮೆ ಕಾಲು ಕೆದರಿದಾಗ ಅದರ ಒಡೆಯ ಕೈಮುಗಿದು ಅದಕ್ಕೆ ತಿಳಿಸಿ ಹೇಳಿದ. ಉಮಾಕಾಂತ ಆಗಾಗ ಬಾಗಿಲಿಗೆ ಬಂದು "ಐವತ್ತು", "ನಲವತ್ತು" ಎಂದು ತಗ್ಗಿದ ದನಿಯಲ್ಲಿ ಸಾರುತ್ತಿದ್ದ. ಪ್ರತಿ ಸಲ ಯಾರಾದರೊಬ್ಬರು ಅಳುತ್ತಿದ್ದರು. ಅವನು ಅವರಿಗೆ "ಅಳಬ್ಯಾಡ್ರಿ, ಇನ್ನಾ ಆಸೆ ಅದ" ಎಂದು ಸಮಾಧಾನ ಹೇಳುತ್ತಿದ್ದ.

ಇಂಥ ನಿಶ್ಶಬ್ದದೊಳಗೆ ಅಮೋಘಸಿದ್ಧ ಮಾವನ ಟ್ರ್ಯಾಕ್ಟರು ಗುಡುಗುತ್ತ ನುಗ್ಗಿತು. ಹಿಂದೆ ಖಾಲಿ ಟ್ರಾಲಿ ನೆಗೆದಾಡುತ್ತಿತ್ತು. ಟೇಪಿನಲ್ಲಿ ಡೊಳ್ಳು ಬಡಿಯುತ್ತಿತ್ತು. ಎಲ್ಲ ಹೊರಗೆ ತೆಗೆಯಬೇಕು, ಟ್ರ್ಯಾಕ್ಟರಿನಲ್ಲಿ ಎಂದ ಮೇಲೆ ಟ್ರಾಲಿಯಿಲ್ಲದೆ ಬರುವಷ್ಟು ದಡ್ಡ ಮಾವ ಅಲ್ಲ.

"ಬಂದ್ ಮಾಡೋ!" ಎಂದು ನೂರು ಜನ ಪಿಸುಗುಟ್ಟಿದರು.

ಮಾವ ಬಂದ್ ಮಾಡಿ ಇಳಿದ. "ಸಾಮಾನ ಎಲ್ಲದ? ಹೇರ್ರಿ ಜಲ್ದಿ!"

"ಸಾಮಾನ ಅಲ್ಲ ಮಾಮಾ, ನಂಗ ಪೆನ್ ಡ್ರೈವ್ ಬೇಕು," ಎಂದು ಉಮಾಕಾಂತ ಓಡಿ ಹೋಗಿ ಟೇಪಿನಿಂದ ಅದನ್ನು ಕಿತ್ತ. "ಇದರಾಗಿನ ಪದ ಅಳಿಸಿ ಫೋಟೋ ಹಾಕ್ಕೋತೀನಿ."

ಮಾವ ಅವನ ಮಣಿಕಟ್ಟು ಹಿಡಿದ. "ಏನ್ ಅಳಸ್ತಿ?"

"ಪದ. ಜಾಗಾ ಸಾಲೂದಿಲ್ಲ."

"ಬೀರಪ್ಪನ ಪದಾ ಅಳಸ್ತೀ? ಇಂಥಾ ಟೈಮಿನ್ಯಾಗ? ಕಾಲ್ ಕೆಳಗಿನ ನೆಲಾ ಸಿಟ್ಟಾಗಿ ಕುಂತದ, ಮ್ಯಾಲಿನ ದೇವರಿಗೂ ಸಿಟ್ಟ್ ಬರಸಾಂವಾ ಇದ್ದಿ ಏನು?"

"ಮಾಮಾ, ಆಮ್ಯಾಲ ಮತ್ತ ಹಾಕಿ ಕೊಡ್ತೀನಿ."

"ಬಿಡು ಅಂದ್ರ ಬಿಡು!"

ಬಯಲೆಲ್ಲ ಮಾವನ ಪಕ್ಷ ವಹಿಸಿತು. ಪೆನ್ ಡ್ರೈವು ಮಾವನ ಅಂಗಿಯ ಒಳಜೇಬಿಗೆ ಇಳಿಯಿತು. ಅಷ್ಟಕ್ಕೆ ಬಿಡದೆ ಮಾವ ಒಳಗೆ ನುಗ್ಗಿದ. ಟಕ್ ಟಕ್ ಎನ್ನುವ ಜಾಗ ಇದೇ ಎಂದು ವಿಜಯಶ್ರೀ ಬೆರಳು ತೋರಿಸಿದಳು. ಮಾವ ಸೊಂಟದ ಚೀಲ ಬಿಚ್ಚಿ, ಬೀರಪ್ಪನ ಹೆಸರು ಹೇಳಿ, ಎರಡು ಹಿಡಿ ಭಂಡಾರವನ್ನು ಡಬ್ಬಿಯ ಮೇಲೆ ಎರಚಿದ. ಡಬ್ಬಿಯ ಫ್ಯಾನು ಆ ಅರಿಶಿನವನ್ನೆಲ್ಲ ಭಕ್ತಿಯಿಂದ ಒಳಗೆ ಎಳೆದುಕೊಂಡು ಹಿಂದಿನಿಂದ ಹೊರಗೆ ಊದಿತು. ಉಮಾಕಾಂತ, ಗೋಡೆ, ಒಣಹಾಕಿದ ಬಟ್ಟೆ ಎಲ್ಲ ಹಳದಿಯಾದವು. ಮಶಿನು ಒಮ್ಮೆ ಸೀನಿದಂತೆ ಮಾಡಿ ಮತ್ತೆ ಟಕ್ ಟಕ್ ಎಂದಿತು.

"ದೇವರ ಮುಟ್ಯಾನ," ಎಂದ ಮಾವ.

ಹಳದಿ ಮುಖದ ಉಮಾಕಾಂತ "ಇಪ್ಪತ್ತು" ಎಂದು ಹೊರಗೆ ಬಂದಾಗ ಯಾರೋ ಫೋನು ಮಾಡಿ ಕರೆಸಿದ ತಲಾಠಿ, ಎಂದರೆ ಊರಿನ ಕಂದಾಯದ ಅಧಿಕಾರಿ, ಧೂಳಪ್ಪನವರು ಮೋಟಾರ್ ಸೈಕಲ್ ಇಳಿಯುತ್ತಿದ್ದರು. ಅವರ ಜೊತೆ ಹಾದಿಯಲ್ಲಿ ಸಿಕ್ಕ, ಕರೆಂಟಿನ ತಂತಿ ನೋಡಿಕೊಳ್ಳುವ ವಾಯರಮನ್ನನೂ ಇದ್ದ. ರವಿವಾರದ ಊಟ ಬಿಟ್ಟು ಬಂದಿದ್ದರಿಂದ ತಲಾಠಿಯವರು ಸರ್ಕಾರದ ಪೂರ್ಣ ತೂಕದೊಂದಿಗೆ ಬಂದಿದ್ದರು.

"ಮಶಿನ್ ಯಾರದು?"

"ನಂದs ರೀ ಸಾಹೇಬ್ರ."

"ಸರ್ಕಾರಿ ಅದನೋ, ಖಾಸಗಿ ಅದನೋ?"

"ಖಾಸಗಿ ರೀ. ಲಿನಕ್ಸ್ ಅದ."

"ಪರ್ಮಿಶನ್?"

"ಲಿನಕ್ಸಿಗೆ ಯಾರ ಪರ್ಮಿಶನ್ನೂ ಬೇಕಾಗೂದಿಲ್ಲ ರೀ ಸಾಹೇಬ್ರ. ಅದs ಅದರ ಗುಣ." ಇಂಥ ಹೊತ್ತಿನಲ್ಲೂ ಉಮಾಕಾಂತನ ಎದೆ ತುಸು ಉಬ್ಬಿತು.

ತಲಾಠಿಯವರು ಜನರ ಕಡೆ ತಿರುಗಿದರು. ಜನ ಅವರನ್ನೇ ನೋಡುತ್ತಿದ್ದರು. ಏನಾದರೊಂದು ಮಾಡಲೇಬೇಕಿತ್ತು. ತಾಲೂಕಿನಲ್ಲಿ ಕೊಟ್ಟ ಭೂಕಂಪದ ತರಬೇತಿಯಲ್ಲಿ ಚಹಾ ಬರುವ ಮೊದಲು ಹೇಳಿದ ಒಂದೇ ಪಾಠ ಅವರಿಗೆ ನೆನಪಿತ್ತು. ಉಮಾಕಾಂತ ಒಳಗೆ ಹೋಗಿ ಬಂದು, ಸಂತೋಷ ತಡೆಯಲಾರದೆ, "ಹತ್ತು! ಹತ್ತೇ ಬಾಕಿ!" ಎಂದು ಕೂಗಿದ್ದೇ ತಡ, ಅವರು ಕೈಯೆತ್ತಿದರು.

"ವಾಯರಮನ್! ಮದಲ ಕರೆಂಟ್ ಕಟ್ ಮಾಡು!"

"ಬ್ಯಾಡ್ರೀ!" ಎಂದು ಉಮಾಕಾಂತ ಜಿಗಿದ. ಆದರೆ ವಾಯರಮನ್ನನು ತನ್ನ ಇಡೀ ನೌಕರಿಯಲ್ಲಿ ಮೊದಲ ಸಲ ಹೇಳಿದ ಕೂಡಲೇ ಕೆಲಸ ಮಾಡಿಬಿಟ್ಟಿದ್ದ.

ಫ್ಯಾನು ನಿಂತಿತು. ಪರದೆ ಕಪ್ಪಾಯಿತು. ಚಂದ್ರಭಾಗಾ ಕಾಕು ಓಡಿಹೋಗಿ ಉಮಾಕಾಂತನ ಗೋಡೆಗೆ ಕಿವಿ ಹಚ್ಚಿದಳು.

"ನಿಂತದ!" ಎಂದು ಕೂಗಿದಳು. "ಸಪ್ಪಳ ನಿಂತದ! ಬೀರಪ್ಪ ಕಾಯ್ದಾನ!"

ಬಯಲು ಎದ್ದು ಕುಣಿಯಿತು. ಮಾವ ಕಾಯಿ ಒಡೆದ. ಮುದುಕ ಕೂಡಿಟ್ಟಿದ್ದ ಕೆಮ್ಮನ್ನೆಲ್ಲ ಒಂದೇ ಸಲ ಕೆಮ್ಮಿದ. ಉಮಾಕಾಂತ ಮಾತ್ರ ಕಟ್ಟೆಯ ಮೇಲೆ ಕುಸಿದು, ಹಳದಿ ಮುಖದ ಮೇಲೆ ಕಣ್ಣೀರಿನ ಗೆರೆ ಎಳೆದುಕೊಂಡು ಅಳುತ್ತಿದ್ದ.

"ಸತ್ತದ್ದಕ್ಕ ಕಾಯಿ ಒಡೀತೀರಿ? ಮನುಷ್ಯರೇನು ನೀವು?"

"ಯಾರ್ ಸತ್ತಾರೋ?" ಎಂದ ಮಾವ.

"ಡಿಸ್ಕ್!"

"ಭೂಕಂಪ ಎಲ್ಲದ?" ಎಂದರು ತಲಾಠಿ.

"ಯಾವ ಭೂಕಂಪ?" ಎಂದ ಉಮಾಕಾಂತ.

ಅಲ್ಲಿ ಬಿದ್ದ ಮೌನವನ್ನು ಅಳೆಯುವ ಮಶಿನು ಸರ್ಕಾರದಲ್ಲೂ ಇಲ್ಲ, ಖಾಸಗಿಯಲ್ಲೂ ಇಲ್ಲ. ಆ ಮೌನದ ನಡುವೆ, ಖಾಲಿ ಮನೆಯ ಲಾಭ ಪಡೆದ ಬೆಕ್ಕೊಂದು ಉಮಾಕಾಂತನ ಮಾಡದಿಂದ ತಂಬಿಗೆಗಳನ್ನು ಗಳಗಳ ಕೆಡವಿತು. ಭೂಕಂಪವಿಲ್ಲವೆಂದು ಆಗಷ್ಟೇ ತಿಳಿದಿದ್ದರೂ ಎಲ್ಲರೂ ಓಡಿದರು. ಎಲ್ಲರಿಗಿಂತ ಮುಂದೆ ತಲಾಠಿಯವರಿದ್ದರು.

ಅವರು ಹಿಂದಿರುಗಲಿಲ್ಲ. ಉಳಿದವರು ಮರಳಿ ಬಂದರು, ಕರೆಂಟೂ ಬಂತು. ಉಮಾಕಾಂತ ಮಶಿನಿನ ಗುಂಡಿ ಒತ್ತಿದ. ಟಕ್ ಎಂದಿತು. ಇನ್ನೊಮ್ಮೆ ಟಕ್ ಎಂದಿತು. ಆಮೇಲೆ ಏನೂ ಅನ್ನಲಿಲ್ಲ. ಡಿಸ್ಕೇ ಸಿಗುತ್ತಿಲ್ಲವೆಂದು ಪರದೆಯ ಮೇಲೆ ಒಂದು ಸಾಲು ಮೂಡಿತು.

ಅವನು ಚಂದ್ರಭಾಗಾ ಕಾಕುವಿನ ಮುಂದೆ ಕೈಮುಗಿದು ನಿಂತ. "ಕಾಕು, ನಿಮ್ಮ ಫೋಟೋ ಹೋಯ್ತು. ಕಾಕಾ ಹೋದ್ರು. ಭೂಕಂಪ ಆದ್ರೂ ಹೋಗೂದಿಲ್ಲ ಅಂದಿದ್ದೆ."

ಕಾಕು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು.

"ಯಾವ ಫೋಟೋ? ನೀ ಮಶಿನಿನ್ಯಾಗ ಹಾಕಿದ ವಾರದಾಗs ನಿನ್ನ ಕಡಿಂದ ತಕ್ಕೊಂಡು ಹೋಗಿ ಮುರುಮದ ಫೋಟೋದಾಂವನ ಕೈಲಿ ಮೂರು ತೆಗಸೀನಿ. ಒಂದು ಮಗಳ ಮನ್ಯಾಗ ಅದ, ಒಂದು ದೇವಣಿಯಾಗ ಅಕ್ಕನ ಬಲ್ಲಿ ಅದ, ಒಂದು ನನ್ನ ಟ್ರಂಕಿನ್ಯಾಗ ಅದ. ನಮ್ಮ ಮನಿ ಬಿದ್ದ ದಿನದಿಂದ ನಾ ಭೂಮಿ ಮ್ಯಾಲೇ ಭರೋಸಾ ಇಟ್ಟಿಲ್ಲ. ನಿನ್ನ ಡಬ್ಬಿ ಮ್ಯಾಲ ಇಡ್ತೀನೇನೋ ಹುಚ್ಚಪ್ಪಾ?"

"ನಮ್ಮವೂ ಅವ," ಎಂದಳು ಮಾಣಿಕಮ್ಮ. ಮೂಲೆ ಮನೆಯವರು ಮೊಬೈಲಿನಲ್ಲಿವೆ ಎಂದರು. ಮುದುಕ ಕೂಡ ದಿಂಬಿನ ಕೆಳಗಿಂದ ಒಂದನ್ನು ತೆಗೆದು ತೋರಿಸಿದ. ಆ ಗಲ್ಲಿಯಲ್ಲಿ ಉಮಾಕಾಂತನ ಮಾತನ್ನು ನಂಬಿ ಕುಳಿತವರು ಒಬ್ಬರೂ ಇರಲಿಲ್ಲ. ಎಲ್ಲರೂ ಫೋಟೋ ಕೊಟ್ಟಿದ್ದು ಅವನ ಮನಸ್ಸು ನೋಯಬಾರದೆಂದು.

ಉಮಾಕಾಂತನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಮೆಲ್ಲಗೆ ಒಂದು ದನಿ ಬಂತು.

"ರೀ. ನಮ್ಮ ಲಗ್ನದ ಫೋಟೋ?"

ಉಮಾಕಾಂತ ಮೆಲ್ಲಗೆ ಮಾವನ ಹಿಂದೆ ಸರಿದ.

"ಸಿ.ಡಿ. ಇತ್ತಲ್ಲಾ?" ಎಂದಳು ವಿಜಯಶ್ರೀ.

"ಅದು ನಮ್ಮ ಹೊಲದಾಗ ಅದ," ಎಂದ ಅಮೋಘಸಿದ್ಧ ಮಾವ ಉತ್ಸಾಹದಿಂದ. "ಮೂರು ಬ್ಯಾಸಿಗಿ ಆಯ್ತು. ಈಗ ಪೂರಾ ಗಾಜಿನ ಹಂಗ ಆಗ್ಯದ, ಆರಪಾರ ಕಾಣ್ತದ. ಗಿಳಿ ಮಾತ್ರ ಬರೋಬ್ಬರಿ ಹೆದರ್ತಾವ."

ವಿಜಯಶ್ರೀ ಬಾಗಿ ನೆಲದ ಮೇಲೆ ಚೆಲ್ಲಿದ್ದ ತಂಬಿಗೆಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಅವಳು ಬಯ್ದಿದ್ದರೆ ಉಮಾಕಾಂತ ತಡೆದುಕೊಳ್ಳುತ್ತಿದ್ದ. ಅವಳು ತಂಬಿಗೆಗಳನ್ನು ಸಪ್ಪಳವಾಗದಂತೆ ಪೇರಿಸುತ್ತಿದ್ದಳು.

ಚಂದ್ರಭಾಗಾ ಕಾಕು ಎದ್ದು ತನ್ನ ಮನೆಗೆ ಹೋದಳು. ಟ್ರಂಕು ತೆರೆದ ಸಪ್ಪಳ ಗೋಡೆಯಾಚೆ ಕೇಳಿಸಿತು. ಬಂದು ವಿಜಯಶ್ರೀಯ ಕೈಯಲ್ಲಿ ಒಂದು ಫೋಟೋ ಇಟ್ಟಳು.

"ನಿಮ್ಮ ಲಗ್ನದಾಗಿಂದs. ನಾ ಚೊಲೋ ಬಂದೀನಂತ ಒಂದು ತೆಗಸಿ ಇಟ್ಟಿದ್ದೆ."

ಫೋಟೋದ ನಟ್ಟನಡುವೆ ಹಸಿರು ಇಳಕಲ್ ಸೀರೆಯುಟ್ಟ ಚಂದ್ರಭಾಗಾ ಕಾಕು ಆರತಿ ತಟ್ಟೆ ಹಿಡಿದು ಕ್ಯಾಮೆರಾ ಕಡೆ ನೋಡುತ್ತ ನಿಂತಿದ್ದಳು. ಅವಳ ಬಲ ಭುಜದ ಪಕ್ಕದಲ್ಲಿ ತಲೆ ತಗ್ಗಿಸಿದ ವಿಜಯಶ್ರೀ ಪೂರ್ಣ ಕಾಣುತ್ತಿದ್ದಳು. ಎಡಭುಜದ ಹಿಂದೆ ಬಾಸಿಂಗದ ಒಂದು ತುದಿ, ಅದರ ಕೆಳಗೆ ಒಂದು ಕಿವಿ. ಮದುಮಗನದು ಅಷ್ಟೇ ಬಂದಿತ್ತು.

ವಿಜಯಶ್ರೀ ಫೋಟೋವನ್ನು ನೋಡಿದಳು. ಹಳದಿಯಾಗಿ ನಿಂತಿದ್ದ ಗಂಡನನ್ನು ನೋಡಿದಳು. ಅವನ ಒಂದು ಕಿವಿ ಇನ್ನೂ ಶಹಾಬಾದ್ ಕಲ್ಲಿನ ಅಚ್ಚೊತ್ತಿ ಕೆಂಪಗಿತ್ತು. ಅವಳಿಗೆ ನಗು ಬಂತು. ಒಮ್ಮೆ ಬಂದದ್ದು ನಿಲ್ಲಲಿಲ್ಲ.

"ಇರ್ಲಿ ಬಿಡ್ರಿ," ಎಂದಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಕಿವಿ ಚೊಲೋ ಬಂದದ."

ಮರುದಿನ ಅವಳು ಬಸ್ಸು ಹತ್ತಿ ಮುರುಮಕ್ಕೆ ಹೋಗಿ ಆ ಫೋಟೋದ ಮೂರು ಪ್ರತಿ ತೆಗೆಸಿದಳು. ಒಂದನ್ನು ಕಾಸಾರಶಿರಸಿಯ ತವರಿಗೆ ಕಳಿಸಿದಳು. ಒಂದನ್ನು ಚಂದ್ರಭಾಗಾ ಕಾಕುವಿನ ಟ್ರಂಕಿನಲ್ಲಿ ಹಾಕಿದಳು. ಮೂರನೆಯದು ಎಲ್ಲಿದೆ ಎಂದು ಗಂಡನಿಗೆ ಮಾತ್ರ ಇದುವರೆಗೆ ಹೇಳಿಲ್ಲ.